ಪಾರ್ಕ್ ಮಾಡುವ ಮೊದಲು, ತಮ್ಮಾ

ತಮ್ಮಾ, ನಿಮ್ಮ ಪ್ಲಾಟಿನ ಖುಲ್ಲಾ ಜಾಗದಲ್ಲಿ ಪಾರ್ಕ್ ಮಾಡುತ್ತೀರಂತೆ. ಬಲು ಚಲೋ ಕೆಲಸ. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಜಾಗಗಳು ಎಷ್ಟೋ ಊರಲ್ಲಿ ತಿಪ್ಪೆಯಾಗಿವೆ, ಇಲ್ಲವೇ ಸದ್ದಿಲ್ಲದೆ ಯಾರದೋ ಹಿತ್ತಲಿಗೆ ಸೇರಿಹೋಗಿವೆ. ಉದ್ಯಾನ, ಆಟದ ಬಯಲು, ಖುಲ್ಲಾ ಜಾಗ ಕಾಯಲೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೊಂದಿದೆ. ಆದ್ದರಿಂದ ಮೊದಲು ಪಟ್ಟಣ ಪಂಚಾಯ್ತಿಗೆ ಹೋಗಿ ಕಾಗದಪತ್ರ ನೋಡಿ, ಹದ್ದು ಗುರುತಿಸಿಕೊಳ್ಳಿ. ಗಿಡ ಆಮೇಲೆ.

ನೀನು ಮೊಬೈಲಿನಲ್ಲಿ ತೋರಿಸಿದ ಚಿತ್ರ ಅಂದವಾಗಿಯೇ ಇತ್ತು. ಲಾನು, ನಡುವೆ ಕಾರಂಜಿ, ಸುತ್ತ ಪೇವರ್ಸ್, ಅಂಚಿಗೆ ಸಾಲು ಅಶೋಕ. ಆದರೆ ನಮ್ಮದು ಮುಳಗುಂದ, ಎರೆ ಸೀಮೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಂದರೆ. ಬೇಸಗೆಯಲ್ಲಿ ಈ ನೆಲ ಬಾಯಿ ಬಿಡುವುದನ್ನು ನೀನೇ ಕಂಡಿದ್ದೀ. ಅಂಥಲ್ಲಿ ಲಾನು ಉಳಿಸಬೇಕೆಂದರೆ ಬೋರಿನ ನೀರನ್ನೆಲ್ಲ ಅದಕ್ಕೇ ಸುರಿಯಬೇಕು. ಆ ಉದ್ದನೆಯ ಅಶೋಕವೋ, ನೆಟ್ಟಗೆ ಮೇಲೇರುತ್ತದೆ. ಕೆಳಗೆ ನಾಲ್ಕು ಮಂದಿ ಕೂತು ಮಾತಾಡಲು ನೆರಳಿಲ್ಲ.

ಬೇವು ಹಚ್ಚು. ಬಿಸಿಲು ಏರುವ ಹೊತ್ತಿಗೇ ಅದು ಚಿಗುರಿ ನೆರಳು ಕೊಡುತ್ತದೆ. ಹಣ್ಣಾದಾಗ ಹಗಲು ಕೋಗಿಲೆ, ಪಿಕಳಾರ, ಇರುಳು ಬಾವಲಿ. ಒಂದು ಅರಳಿಯೂ ಇರಲಿ, ಆದರೆ ಗೋಡೆ, ಗಟಾರದಿಂದ ದೂರ. ಅದರ ಬೇರಿಗೆ ಸಿಮೆಂಟು ಲೆಕ್ಕಕ್ಕಿಲ್ಲ. ಅರಳಿಯ ಕಾಯಿ ಬಿಡಿಸಿ ನೋಡಿದ್ದೀಯಾ? ಹೂವೆಲ್ಲ ಒಳಗೇ. ಎಳ್ಳಿಗಿಂತ ಸಣ್ಣ ಕಣಜವೊಂದು ತುದಿಯ ಕಿರುಗಂಡಿಯಿಂದ ರೆಕ್ಕೆ ಹರಿದುಕೊಂಡು ಒಳನುಗ್ಗಿ ಪರಾಗ ಮುಟ್ಟಿಸುತ್ತದೆ, ಅಲ್ಲೇ ಮೊಟ್ಟೆಯಿಟ್ಟು ಸಾಯುತ್ತದೆ. ಬೇರೆ ಮರಗಳಲ್ಲಿ ಹಣ್ಣಿಲ್ಲದ ಕಾಲದಲ್ಲೂ ಹಕ್ಕಿಗಳಿಗೆ ಅರಳಿ ಹಣ್ಣು ಸಿಗುವುದು ಆ ಹುಳದ ದಯೆಯಿಂದ.

ಮೂಲೆಯಲ್ಲಿ ಕರಿಬೇವೂ ಇರಲಿ. ಓಣಿಯ ಹೆಣ್ಣುಮಕ್ಕಳು ಒಗ್ಗರಣೆಗೆ ಒಯ್ಯಲಿ, ಉಳಿದದ್ದು ನಿಂಬೆ ಚಿಟ್ಟೆಗೆ. ಅದರ ಮರಿಹುಳ ಮೊದಲು ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ಬೆಳೆದ ಮೇಲೆ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಜೋಡಿ ಕೊಂಬು ಹೊರಹಾಕಿ ಘಾಟು ಬಿಡುತ್ತದೆ. ಮಕ್ಕಳಿಗೆ ಜೋಕಾಲಿಗಿಂತ ದೊಡ್ಡ ಆಟ ಅದು. ಎಲೆ ತೂತಾಯಿತೆಂದು ಔಷಧ ಹೊಡೆಸಿದರೆ ಆಟ ಮುಗಿಯಿತು.

ಹಕ್ಕಿಪಕ್ಷಿಗೆ ಕಪ್ಪತಗುಡ್ಡ ಇದೆಯಲ್ಲ, 2019ರಲ್ಲಿ ಅದನ್ನು ವನ್ಯಜೀವಿ ಧಾಮ ಮಾಡಿದ್ದಾರಲ್ಲ ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಎದ್ದೇ ಏಳುತ್ತಾರೆ. ನಮ್ಮ ಮಾಡಿನ ಗುಬ್ಬಿ, ಗಿಡದ ಅಳಿಲು ಕಪ್ಪತಗುಡ್ಡಕ್ಕೆ ಗುಳೆ ಹೋಗುವುದಿಲ್ಲ ಎಂದು ಹೇಳು. ಮಾಗಡಿ ಕೆರೆಯನ್ನೂ ತೋರಿಸು. ಅದು ಹೊಲಕ್ಕೆ ನೀರುಣಿಸಲು ಕಟ್ಟಿದ ಕೆರೆ. ಯಾರೂ ಅದನ್ನು ಸಿಂಗರಿಸಲಿಲ್ಲ. ಆದರೂ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಅಲ್ಲಿ ಇಳಿಯುತ್ತವೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಸುತ್ತ ಮೇವು, ನಡುವೆ ನೀರು, ಕಲ್ಲೆಸೆಯದ ಜನ; ಅಷ್ಟಿದ್ದದ್ದಕ್ಕೆ ಬಂದವು.

ಹಕ್ಕಿಗಷ್ಟೇ ಅಲ್ಲ, ಮನುಷ್ಯನಿಗೂ ಹಸಿರು ಬೇಕು. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಒಂದು ಆಸ್ಪತ್ರೆಯ ದಾಖಲೆ ತೆಗೆದು ತೋರಿಸಿದರು: ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಾಚೆ ಮರ ಕಾಣುತ್ತಿದ್ದವರು, ಬರೀ ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವಿಗೆ ಜೋರಿನ ಔಷಧವನ್ನೂ ಕಡಿಮೆ ತೆಗೆದುಕೊಂಡರು. ಬಿ.ಪಿ., ಸಕ್ಕರೆ ಎಂದು ನಸುಕಿನಲ್ಲಿ ಹೆದ್ದಾರಿಯ ಲಾರಿಗಳ ಪಕ್ಕ ನಡೆಯುವ ನನ್ನಂಥ ಮುದುಕರಿಗೆ ನಿಮ್ಮ ಪಾರ್ಕಿನ ಮಣ್ಣಿನ ದಾರಿ ಸಾಕು. ಪೇವರ್ಸ್ ಬೇಡ, ಮಳೆ ನೀರು ಇಂಗಲಿ.

ಉದುರಿದ ಎಲೆ ಸುಡಬೇಡಿ. ಹಾವು ಸೇರುತ್ತದೆ ಎಂಬ ಹೆದರಿಕೆ ಸುಳ್ಳೇನಲ್ಲ, ಅದಕ್ಕೇ ಎಲೆಗುಡ್ಡೆ ಬೆಂಚು, ಜೋಕಾಲಿಯಿಂದ ದೂರದ ಮೂಲೆಯಲ್ಲಿರಲಿ. ಹಕ್ಕಿಗೆ ಅಗಲ ಬಾಯಿಯ ತಗ್ಗು ಬಾನಿಯಲ್ಲಿ ನೀರಿಡಿ, ದಿನಾ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ. ರಾತ್ರಿಯೆಲ್ಲ ಉರಿಯುವ ದೊಡ್ಡ ದೀಪ ಬೇಡ, ಗೇಟಿನ ಹತ್ತಿರ ಒಂದು ಸಾಕು.

ಮುಂಗಾರಿಗೆ ಮೊದಲೇ ಗುಂಡಿ ತೋಡಿಸು. ನರ್ಸರಿಯಿಂದ ಗೇಣುದ್ದದ ಸಸಿ ತರಬೇಡ, ಆಡು ಬಿಡುವುದಿಲ್ಲ. ಎದೆಮಟ್ಟದ್ದು ತಂದು ಮುಳ್ಳು ಕಟ್ಟಿಸು. ಕಾರಂಜಿಗೆಂದು ಎತ್ತಿಟ್ಟ ರೊಕ್ಕವನ್ನು ಎರಡು ಬೇಸಗೆ ನೀರು ಹಾಕುವವನ ಪಗಾರಕ್ಕೆ ಇಡು.