ಹೆಸರಿಲ್ಲದ ಹುಳಕ್ಕೆ ಹೆಸರು ಬಂತು

ಮಾವಿನ ಮರದ ಕೆಳಗೆ ತರಗೆಲೆ ಬಿದ್ದಿರುತ್ತದೆ. ಗುಡಿಸಿ ತಿಪ್ಪೆಗೆ ಹಾಕ್ತೇವೆ. ಒಂದು ದಿನ ಆ ಎಲೆಗಳನ್ನು ಮೆಲ್ಲಗೆ ಎತ್ತಿ ನೋಡಿ. ಅಡಿಯ ಎಲೆ ಒದ್ದೆ ಇರುತ್ತದೆ. ಅರ್ಧ ಕೊಳೆತಿರುತ್ತದೆ. ಬಿಳಿ ಬೂಸ್ಟು ಹಿಡಿದಿರುತ್ತದೆ. ಇರುವೆ, ಎರೆಹುಳ ಕಾಣುತ್ತವೆ. ಬರಿಗಣ್ಣಿಗೆ ಸರಿಯಾಗಿ ಕಾಣದ ಹುಳಗಳೂ ಅಲ್ಲಿ ಬದುಕುತ್ತವೆ.

ಅಂಥ ಒಂದು ಹುಳದ ಕತೆ ಇದು. ನಡೆದದ್ದು ನಮ್ಮಲ್ಲಲ್ಲ, ದೂರದ ಆಫ್ರಿಕಾದ ಕೀನ್ಯಾ ದೇಶದಲ್ಲಿ.

1964-65ರಲ್ಲಿ ವಿಲಿಯಂ ಬ್ಲಾಕ್ ಎಂಬ ವಿಜ್ಞಾನಿ ಕೀನ್ಯಾದಲ್ಲಿ ಮಣ್ಣು, ತರಗೆಲೆ ಕೂಡಿಸಿದರು. ಅದರಲ್ಲಿದ್ದ ಸಣ್ಣ ಹುಳಗಳನ್ನು ಬೇರೆ ಮಾಡಿ ಇಟ್ಟರು.

ಇಷ್ಟು ಸಣ್ಣ ಹುಳ ಹಿಡಿಯೋದು ಹೇಗೆ? ಕೈಯಲ್ಲಿ ಆರಿಸೋಕೆ ಆಗಲ್ಲ. ವಿಜ್ಞಾನಿಗಳು ಒಂದು ಉಪಾಯ ಮಾಡುತ್ತಾರೆ. ನಾವು ಎಣ್ಣೆ ಹೊಯ್ಯುವ ಆಲಿಕೆ ಇದೆಯಲ್ಲ, ಅಂಥದ್ದೇ ದೊಡ್ಡ ಆಲಿಕೆ. ಅದರೊಳಗೆ ಒಂದು ಜಾಲರಿ. ಜಾಲರಿಯ ಮೇಲೆ ತರಗೆಲೆ. ಮೇಲುಗಡೆ ಒಂದು ಬಲ್ಬು ಉರಿಯುತ್ತದೆ. ಬಿಸಿಗೆ ಮೇಲಿನ ಎಲೆ ಒಣಗುತ್ತದೆ. ಹುಳಗಳಿಗೆ ತಂಪು ಬೇಕು, ಕತ್ತಲೆ ಬೇಕು. ಕೆಳಗೆ ಕೆಳಗೆ ಇಳಿಯುತ್ತವೆ. ಕೊನೆಗೆ ಆಲಿಕೆಯ ಬಾಯಿಂದ ಜಾರಿ ಸೀಸೆಗೆ ಬೀಳುತ್ತವೆ. ಸೀಸೆಯಲ್ಲಿ ಸ್ಪಿರಿಟ್ ಇರುತ್ತದೆ. ಅದರಲ್ಲಿ ಹುಳ ಕೊಳೆಯೋದಿಲ್ಲ.

ಬ್ಲಾಕ್ ಅವರ ಸಂಗ್ರಹ 1978ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿತು. ವರ್ಷಗಳು ಉರುಳಿದವು. ಮೈಕೆಲ್ ಡಾರ್ಬಿ ಎಂಬುವರು ಆ ಹುಳಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಒಂದು ಹುಳ ಬೇರೆ ಯಾವುದರ ಹಾಗೂ ಇರಲಿಲ್ಲ.

ಅದು ದುಂಬಿ ಜಾತಿಯದು. ದುಂಬಿ ಅಂದರೆ ಹೂವಿನ ಮೇಲೆ ಗುಂಯ್‌ಗುಡುವುದಲ್ಲ. ಬೆನ್ನ ಮೇಲೆ ಗಟ್ಟಿ ಚಿಪ್ಪಿರುವ ಹುಳ. ಸಗಣಿ ಉರುಳಿಸುವ ಹುಳ, ಅಕ್ಕಿಯಲ್ಲಿ ಸಿಗೋ ಮೂತಿಹುಳ ಎಲ್ಲ ಇದೇ ಬಳಗ. ಲೋಕದಲ್ಲಿ ಹೆಸರು ಸಿಕ್ಕಿರುವ ದುಂಬಿಗಳೇ ಸುಮಾರು 4 ಲಕ್ಷ ಬಗೆ! ಈ ಕೀನ್ಯಾದ ದುಂಬಿಯ ಉದ್ದ 0.79 ಮಿಲಿಮೀಟರ್. ರಾಗಿ ಕಾಳಿಗಿಂತ ಚಿಕ್ಕದು. ಬಣ್ಣ ಜೇನಿನ ಹಾಗೆ. ಕಣ್ಣಿಲ್ಲ, ರೆಕ್ಕೆಯೂ ಇಲ್ಲ. ತರಗೆಲೆಯ ಕತ್ತಲಲ್ಲಿ ಬದುಕೋದಕ್ಕೆ ಅವು ಯಾಕೆ ಬೇಕು? ಇದರ ಬಳಗದ ಹುಳಗಳು ಬೂಸ್ಟು ತಿಂದು ಬದುಕುತ್ತವೆ.

ಹೊಸದು ಅಂತ ಬಾಯಲ್ಲಿ ಹೇಳಿದರೆ ಸಾಲದು. ಹಳೆಯ ಹುಳಗಳ ಜೊತೆ ಹೋಲಿಸಬೇಕು. ಕಾಲು, ಮೀಸೆ, ಚಿಪ್ಪು ಎಲ್ಲ ಅಳೆಯಬೇಕು. ಹೊರಗಿಂದ ಒಂದೇ ಥರ ಕಂಡರೂ ಒಳಗಿನ ಅಂಗಗಳ ಆಕಾರ ಬೇರೆ ಇರಬಹುದು. ಅದನ್ನೂ ಬಿಡಿಸಿ ನೋಡಬೇಕು. ರಾಗಿ ಕಾಳಿಗಿಂತ ಸಣ್ಣ ಹುಳದ ಹೊಟ್ಟೆ ಬಿಡಿಸೋದು ಅಂದರೆ ಎಷ್ಟು ತಾಳ್ಮೆ ಬೇಕು, ನೀವೇ ಯೋಚಿಸಿ. ಚಿತ್ರ ಸಮೇತ ಎಲ್ಲ ಬರೆದು ಅಚ್ಚು ಹಾಕಿಸಬೇಕು. ಆಗಲೇ ಹೆಸರು ಸಲ್ಲುತ್ತದೆ.

ಡಾರ್ಬಿ 2019ರಲ್ಲಿ ಹೆಸರಿಟ್ಟರು. ನೆಲ್ಲೊಪ್ಟೋಡಿಸ್ ಗ್ರೆಟೆ. ಮೊದಲನೆಯದು ಮನೆತನದ ಹೆಸರಿದ್ದ ಹಾಗೆ. ಎರಡನೆಯದು ಅದರ ಸ್ವಂತ ಹೆಸರು. ಸ್ವೀಡನ್ ದೇಶದ ಹುಡುಗಿ ಗ್ರೆಟಾ ಥುನ್‌ಬರ್ಗ್ ನೆನಪಿಗೆ ಅದನ್ನು ಇಟ್ಟರು. 2018ರಲ್ಲಿ, 15ನೇ ವಯಸ್ಸಿನಲ್ಲಿ, ಆ ಹುಡುಗಿ ಶಾಲೆ ಬಿಟ್ಟು ಪಾರ್ಲಿಮೆಂಟಿನ ಮುಂದೆ ಕೂತಳು. ಭೂಮಿ ಬಿಸಿಯಾಗ್ತಿದೆ, ಏನಾದರೂ ಮಾಡಿ ಅಂತ ದೊಡ್ಡವರನ್ನು ಕೇಳಿದಳು. ಹುಳದ ತಲೆಯ ಮೇಲೆ ಎರಡು ಉದ್ದ ಮೀಸೆ ಇವೆ. ನಮಗಂತೂ ಆ ಹುಡುಗಿಯ ಜಡೆ ನೆನಪಾಗುತ್ತದೆ.

ಹಿಡಿದ ಮೇಲೆ ಹೆಸರು ಬರೋಕೆ 50 ವರ್ಷಕ್ಕಿಂತ ಹೆಚ್ಚಾಯಿತು. ಹುಳಕ್ಕೆ ಹೆಸರು ಯಾಕೆ ಅಂತ ಕೇಳಬಹುದು. ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತದೆ, ನಮಗೆ ಗೊತ್ತಲ್ಲ! ಲೆಕ್ಕಕ್ಕೇ ಬರೋದಿಲ್ಲ. ಹುಳಕ್ಕೂ ಹಾಗೆಯೇ. ಕಾಡು ಕಡಿದರೆ ತರಗೆಲೆ ಹೋಗುತ್ತದೆ, ನೆಲ ಒಣಗುತ್ತದೆ. ಅಲ್ಲಿದ್ದ ಹುಳ ಅಳಿಯಬಹುದು. ಹೆಸರೇ ಇಲ್ಲದಿದ್ದರೆ ಅಳಿದದ್ದು ಯಾವುದು ಅಂತ ಯಾರು ಹೇಳ್ತಾರೆ?

ಹೆಸರಿಡುವಾಗ ಒಂದು ಹುಳವನ್ನು ಸಾಕ್ಷಿಗೆ ಅಂತ ಆರಿಸುತ್ತಾರೆ. ಅದನ್ನು ಚೀಟಿ ಹಚ್ಚಿ ಜೋಪಾನವಾಗಿ ಇಡುತ್ತಾರೆ. ನಾಳೆ ಯಾರಿಗಾದರೂ ಅನುಮಾನ ಬಂದರೆ ತೆಗೆದು ನೋಡಬಹುದು.