ಸಿಂಗಪುರಕ್ಕೆ ಎಷ್ಟು ಹೊತ್ತು, ಡಾಕ್ಟರೇ?

ಪ್ರಶ್ನೆ: ಸೊಸೆಯ ಬಾಣಂತನಕ್ಕೆಂದು ತಮ್ಮ ನಮ್ಮಮ್ಮನನ್ನು ಸಿಂಗಪುರಕ್ಕೆ ಕರೆಸಿಕೊಳ್ಳುತ್ತಿದ್ದಾನೆ. ಅವರಿಗೆ 67 ವರ್ಷ, ಕಾಲಿನ ನರ ಉಬ್ಬಿವೆ. ಅಷ್ಟು ದೂರ ಕೂತು ಹೋದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತದಂತೆ, ಹೌದೇ?
– ಓದುಗರು, ಮಧುಗಿರಿ

ಉತ್ತರ: ಬೆಂಗಳೂರಿನಿಂದ ಸಿಂಗಪುರ ಸುಮಾರು 3,200 ಕಿ.ಮೀ. ನೇರ ವಿಮಾನಕ್ಕೆ ನಾಲ್ಕೂವರೆ ಗಂಟೆ ಆಸುಪಾಸು. ಆದರೆ ಲೆಕ್ಕವನ್ನು ನಿಮ್ಮ ಮನೆ ಬಾಗಿಲಿನಿಂದಲೇ ಹಾಕಿ. ದೇವನಹಳ್ಳಿಗೆ ಕಾರಿನಲ್ಲಿ ಎರಡೂವರೆ ಗಂಟೆ, ಅಲ್ಲಿ ಕಾಯುವುದು ಮೂರು ಗಂಟೆ, ಆಮೇಲೆ ವಿಮಾನ. ಒಟ್ಟು ಹತ್ತು ಗಂಟೆ ಆಯಿತಲ್ಲ!

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ: ನಾಲ್ಕು ಗಂಟೆಗಿಂತ ಹೆಚ್ಚು ಅಲ್ಲಾಡದೆ ಕೂತರೆ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಂಭವ ಎರಡು ಪಟ್ಟಾಗುತ್ತದೆ. ಬಸ್ಸು, ಕಾರು, ರೈಲು, ವಿಮಾನ ಎಲ್ಲಕ್ಕೂ ಇದೇ ಮಾತು. ಎರಡು ಪಟ್ಟು ಎಂದ ಕೂಡಲೇ ಟಿಕೆಟ್ ರದ್ದು ಮಾಡಬೇಡಿ. ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಬ್ಬರ ಲೆಕ್ಕ. ನರ ಉಬ್ಬಿದವರಿಗೆ, ಸ್ಥೂಲಕಾಯದವರಿಗೆ, ಇತ್ತೀಚೆಗೆ ಆಪರೇಷನ್ ಆದವರಿಗೆ ಸ್ವಲ್ಪ ಹೆಚ್ಚು.

ತಾಯಿ ಐದೂಕಾಲು ಅಡಿಗಿಂತ ಕುಳ್ಳಗಿದ್ದಾರೆಯೇ? ಹಾಗಿದ್ದರೆ ಪಾದ ನೆಲಕ್ಕೆ ಎಟುಕದೆ ಸೀಟಿನ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತದೆ. ಕಾಲ ಕೆಳಗೊಂದು ಸಣ್ಣ ಬ್ಯಾಗ್ ಇಡಿ. ಗಂಟೆಗೊಮ್ಮೆ ಎದ್ದು ನಡೆಯಲಿ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಲಿ. ನಮ್ಮ ಕಡೆಯ ಹೆಂಗಸರು ಶೌಚಕ್ಕೆ ಏಳಬೇಕಾಗುತ್ತದೆಂದು ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾರೆ. ಇದನ್ನು ಮಾತ್ರ ಒಪ್ಪಬೇಡಿ. ನಡುವಿನ ಸೀಟು ಬೇಡ, ಓಡಾಡುವ ದಾರಿಯ ಪಕ್ಕದ್ದು ಕೇಳಿ. ಮೊಣಕಾಲವರೆಗಿನ ಬಿಗಿ ಕಾಲುಚೀಲವನ್ನು ವೈದ್ಯರು ಪಾದದ ನಾಡಿ ನೋಡಿದ ಮೇಲೆ ತೊಡಿಸಿ. ಪ್ರಯಾಣಕ್ಕೆಂದೇ ಆಸ್ಪಿರಿನ್ ನುಂಗಿಸುವುದು ಬೇಡ. ಊರು ತಲುಪಿ ಕೆಲವು ವಾರಗಳೊಳಗೆ ಒಂದೇ ಮೀನಖಂಡ ಊದಿ ನೋವಾದರೆ, ಇಲ್ಲವೇ ಏಕಾಏಕಿ ಉಸಿರು ಕಟ್ಟಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ದುಬೈನಲ್ಲಿರುವ ಮಗಳ ಮನೆಗೆ ಹೊರಟಿದ್ದೇನೆ. ಎರಡು ಹೊತ್ತು ಇನ್ಸುಲಿನ್ ಇದೆ, ಮಂಡಿನೋವಿಗೆ ಮಾತ್ರೆ ಇದೆ. ಹೇಗೆ ಒಯ್ಯಲಿ?
– ಓದುಗರು, ಪಾವಗಡ

ಉತ್ತರ: ದುಬೈ ಸುಮಾರು 2,700 ಕಿ.ಮೀ., ನಾಲ್ಕು ಗಂಟೆಯ ದಾರಿ. ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಷ್ಟಕ್ಕೆ ಸಾಮಾನ್ಯವಾಗಿ ಡೋಸ್ ಬದಲಿಸಬೇಕಿಲ್ಲ, ಅಲ್ಲಿನ ಊಟದ ಹೊತ್ತಿಗೆ ತೆಗೆದುಕೊಳ್ಳಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ದೊಡ್ಡ ಲಗೇಜಿನಲ್ಲಿ ಹಾಕಿದರೆ ಹೆಪ್ಪುಗಟ್ಟಿ ಕೆಡಬಹುದು. ಪಾವಗಡದ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೂ ಕೆಡುತ್ತದೆ. ಇಂಗ್ಲಿಷಿನಲ್ಲಿ ಬರೆಸಿದ ಚೀಟಿ ಜೊತೆಗಿರಲಿ.

ಮಾತ್ರೆಯ ವಿಷಯ ಇದಕ್ಕಿಂತ ಗಂಭೀರ. ಅದರಲ್ಲಿ ಟ್ರಮಡಾಲ್ ಅಥವಾ ಕೊಡೀನ್ ಇದ್ದರೆ ಅಲ್ಲಿ ಅದು ನಿಯಂತ್ರಿತ ಔಷಧ. ಮೊದಲೇ ಅನುಮತಿ ಇಲ್ಲದೆ ಒಯ್ದವರು ಕಾನೂನಿನ ತೊಂದರೆಗೆ ಸಿಕ್ಕುತ್ತಾರೆ. ಪಟ್ಟಿಯ ಹಿಂಬದಿಯಲ್ಲಿರುವ ಹೆಸರನ್ನು ನಿಮ್ಮ ವೈದ್ಯರಿಗೆ ಈಗಲೇ ತೋರಿಸಿ.

ಪ್ರಶ್ನೆ: ವಿಮಾನದಲ್ಲಿ ಅಜ್ಜಿಗೆ ಕಿವಿ ಕಟ್ಟಿದರೆ? ಎಲೆಅಡಿಕೆ ಅಗಿಯುವ ಅಭ್ಯಾಸವಿದೆ, ಹೊಗೆಸೊಪ್ಪೂ ಬೇಕು. ಸಿಂಗಪುರಕ್ಕೆ ಕರೆದೊಯ್ಯುತ್ತಿದ್ದೇವೆ.
– ಓದುಗರು, ಕೊರಟಗೆರೆ

ಉತ್ತರ: ವಿಮಾನ ಇಳಿಯಲು ಶುರುವಾದಾಗ ಎಚ್ಚರವಾಗಿಡಿ, ಪೆಪ್ಪರ್‌ಮೆಂಟ್ ಚೀಪಲಿ. ಜೋರು ನೆಗಡಿ ಇದ್ದರೆ ಮುಂಚೆಯೇ ವೈದ್ಯರಿಗೆ ತೋರಿಸಿ. ಅಗಿಯುವ ಹೊಗೆಸೊಪ್ಪು ಸಿಂಗಪುರದಲ್ಲಿ ನಿಷಿದ್ಧ. ಅಜ್ಜಿಯ ಸಂಚಿಯನ್ನು ಮನೆಯಲ್ಲೇ ಒಮ್ಮೆ ಜಾಲಾಡಿ.