ಹಂಚಿದ್ರೆ ಮಾತ್ರ ಉಳಿಯೋ ಹೂವು: ಹಳೇ ಐರಿಸ್ ತಳಿಗಳ ಬಗ್ಗೆ

ಐರಿಸ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ಹೂವು ನೆನಪಾಗಲ್ಲ, ಡೇಟಾಸೆಟ್ ನೆನಪಾಗುತ್ತೆ. 150 ಸಾಲು, 4 ಅಳತೆ, 3 ಜಾತಿ. ಮಷೀನ್ ಲರ್ನಿಂಗ್ ಕಲಿಯೋಕೆ ಕೂತವರು ಮೊದಲು ಲೋಡ್ ಮಾಡೋದೇ ಅದನ್ನ. ರೊನಾಲ್ಡ್ ಫಿಶರ್ 1936ರಲ್ಲಿ ತಮ್ಮ ಲೇಖನದಲ್ಲಿ ಬಳಸಿದ ಅಂಕಿಗಳು ಅವು. ಆದರೆ ಅವನ್ನು ಒಟ್ಟು ಮಾಡಿಕೊಟ್ಟವರು ಎಡ್ಗರ್ ಆಂಡರ್ಸನ್ ಅನ್ನೋ ಅಮೆರಿಕದ ಸಸ್ಯವಿಜ್ಞಾನಿ.

ಪ್ಲಾಟ್ ಹಾಕಿದಾಗ ಸೆಟೋಸಾ ಮಾತ್ರ ಒಂದು ಮೂಲೆಗೆ ಹೋಗಿ ಬೇರೆಯಾಗಿ ಕೂರುತ್ತಲ್ಲ, ಅದಕ್ಕೆ ಕಾರಣ ಹೂವಿನಲ್ಲೇ ಇದೆ. ಐರಿಸ್‌ನಲ್ಲಿ ಹೊರಸುತ್ತಿನ ಮೂರು ಎಸಳು ಕೆಳಗೆ ಬಾಗಿರುತ್ತವೆ. ಡೇಟಾಸೆಟ್‌ನಲ್ಲಿ 'ಸೆಪಲ್' ಅಂತ ಇರೋದು ಇವೇ. ಒಳಸುತ್ತಿನ ಮೂರು ಮೇಲಕ್ಕೆ ನಿಂತಿರುತ್ತವೆ, ಅವು 'ಪೆಟಲ್'. ಸೆಟೋಸಾದಲ್ಲಿ ಮೇಲೆ ನಿಲ್ಲಬೇಕಾದ ಈ ಮೂರು ಎಸಳು ಬಿರುಗೂದಲಿನ ಹಾಗೆ ಸಣ್ಣಗಾಗಿಬಿಟ್ಟಿವೆ. ಪೆಟಲ್ ಅಳತೆ ಅಷ್ಟು ಕಮ್ಮಿ ಬರೋದು ಅದಕ್ಕೇ.

ಅವು ಕಾಡು ಜಾತಿಗಳು. ಈ ಲೇಖನ ಇರೋದು ಅವುಗಳ ತೋಟದ ನೆಂಟರ ಬಗ್ಗೆ, ಯುರೋಪ್ ಮತ್ತು ಅಮೆರಿಕದ ಮನೆ ಮುಂದೆ ಬೆಳೆಯೋ 'ಗಡ್ಡದ ಐರಿಸ್' ಬಗ್ಗೆ. ಕೆಳಗೆ ಬಾಗಿದ ಎಸಳಿನ ಮೇಲೆ ಗಡ್ಡದ ಹಾಗೆ ಒಂದು ಸಾಲು ಕೂದಲು ಇರೋದರಿಂದ ಆ ಹೆಸರು. ಇಲ್ಲಿ ಮೂರು ಲೇಬಲ್ ಸಾಲಲ್ಲ. ಜನ ಅಡ್ಡತಳಿ ಮಾಡಿ, ಹೆಸರಿಟ್ಟು, ನೋಂದಾಯಿಸಿದ ತಳಿಗಳು ಸಾವಿರಗಟ್ಟಲೆ ಇವೆ. ಅದರಲ್ಲಿ ಹಳೆಯವು ಒಂದೊಂದಾಗಿ ಕಾಣೆಯಾಗ್ತಿವೆ. ಅವನ್ನ ಹಿಡಿದಿಟ್ಟಿರೋರು ಹೆಚ್ಚಾಗಿ ಸಾಮಾನ್ಯ ತೋಟದವರು, ಒಬ್ಬರಿಗೊಬ್ಬರು ಗೆಡ್ಡೆ ಕೊಟ್ಟು ತಗೊಳ್ಳೋರು.

ಯಾಕೆ ಗೆಡ್ಡೆ, ಬೀಜ ಯಾಕಲ್ಲ? ಮಾವಿನ ವಾಟೆ ನೆಟ್ಟರೆ ತಾಯಿಮರದ ಹಣ್ಣೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಅದಕ್ಕೇ ಕಸಿ ಕಟ್ಟೋದು. ಐರಿಸ್ ಕೂಡ ಹಾಗೇ. ಬೀಜ ಬಿತ್ತಿದರೆ ಬರೋದು ಹೊಸ ಗಿಡ, ಬಣ್ಣ ಎತ್ತರ ಎಲ್ಲ ಬೇರೆ. ಅದೇ ತಳಿ ಬೇಕು ಅಂದ್ರೆ ಗೆಡ್ಡೆಯನ್ನೇ ಒಡೆದು ನೆಡಬೇಕು. ಶುಂಠಿ, ಅರಿಶಿನದ ಗೆಡ್ಡೆ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಭೂಮಿಗೆ ಸಮನಾಗಿ ಮಲಗಿರೋ ಕಾಂಡ, ಪಕ್ಕದಲ್ಲಿ ಮರಿಗಳು. ಒಂದು ಗೆಡ್ಡೆ ಒಂದು ಸಲ ಹೂ ಬಿಟ್ಟರೆ ಮುಗೀತು, ಮುಂದಿನ ಹೂವು ಮರಿಗಳಿಂದಲೇ.

ಇದರ ಅರ್ಥ ಸ್ವಲ್ಪ ವಿಚಿತ್ರವಾಗಿದೆ. 'ಹಾನರಾಬೈಲ್' ಅಂತ ಒಂದು ತಳಿ ಇದೆ, ಹಳದಿ ಮತ್ತು ಕಂದುಗೆಂಪು ಬಣ್ಣದ್ದು. ಲೆಮೋನ್ ಅನ್ನೋ ಫ್ರೆಂಚ್ ತೋಟಗಾರ 1840ರಲ್ಲಿ ಬಿಡುಗಡೆ ಮಾಡಿದ್ದು. ಇವತ್ತು ಅಮೆರಿಕದ ಯಾವುದೋ ಹಳೇ ತೋಟದ ಮನೆ ಹತ್ತಿರ ಇರೋ ಹಾನರಾಬೈಲ್ ಆ ಗಿಡದ ಮೊಮ್ಮಗು ಅಲ್ಲ, ಅದೇ ಗಿಡ. 180 ವರ್ಷದಿಂದ ತುಂಡಾಗ್ತಾ, ಕೈಯಿಂದ ಕೈಗೆ ಹೋಗ್ತಾ ಬಂದಿರೋ ಒಂದೇ ಗಿಡ. ಇನ್ನೊಂದು ಉದಾಹರಣೆ ಇದಕ್ಕಿಂತ ಹಳೇದು. ಐರಿಸ್ ಆಲ್ಬಿಕನ್ಸ್ ಅನ್ನೋ ಬಿಳಿ ಐರಿಸ್ ಅರೇಬಿಯಾ ಕಡೆಯದು. ಮುಸ್ಲಿಮರು ಗೋರಿಗಳ ಹತ್ತಿರ ನೆಡುತ್ತಿದ್ದ ಹೂವು. ಇದು ಬೀಜ ಕಟ್ಟೋದೇ ಇಲ್ಲ. ಆದರೂ ಅರೇಬಿಯಾದಿಂದ ಸ್ಪೇನ್‌ಗೆ, ಅಲ್ಲಿಂದ ಸಮುದ್ರ ದಾಟಿ ಅಮೆರಿಕ ಖಂಡಕ್ಕೆ ಹೋಗಿದೆ. ಗಾಳಿ, ಹಕ್ಕಿ ಯಾವುದೂ ಅದನ್ನ ಒಯ್ದಿಲ್ಲ. ಪ್ರತಿ ಹೆಜ್ಜೆಯಲ್ಲೂ ಯಾರೋ ಒಬ್ಬರು ಅಗೆದು, ಕಟ್ಟಿಕೊಂಡು ಹೋಗಿ, ಮತ್ತೆ ನೆಟ್ಟಿದ್ದಾರೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಒಂದು ತಳಿಗೆ ಎಷ್ಟು ತೋಟಗಳಲ್ಲಿ ಜಾಗ ಇದೆಯೋ ಅಷ್ಟೇ ಅದರ ಬ್ಯಾಕಪ್. ಒಂದೇ ತೋಟದಲ್ಲಿ ನೂರು ಗಿಡ ಇಟ್ಟುಕೊಂಡರೆ ಅದು ಬ್ಯಾಕಪ್ ಅಲ್ಲ, ಒಂದೇ ಡಿಸ್ಕ್‌ನಲ್ಲಿ ನೂರು ಕಾಪಿ. ಒಂದು ಮಳೆಗಾಲ ಗೆಡ್ಡೆ ಕೊಳೆತರೆ, ಮನೆ ಮಾರಿ ಹೊಸಬರು ಅಂಗಳಕ್ಕೆ ಕಾಂಕ್ರೀಟ್ ಹಾಕಿದರೆ, ಎಲ್ಲಾ ಒಟ್ಟಿಗೆ ಹೋಗುತ್ತೆ. ಹಾಗಾಗಿ ಅಪರೂಪದ ಗಿಡ ಸಿಕ್ಕವರು ಮೊದಲು ಮಾಡಬೇಕಾದ ಕೆಲಸ ಅದನ್ನ ಬೇರೆಯವರಿಗೆ ಕೊಡೋದು. ನಮಗಂತೂ ಇದು ಉಲ್ಟಾ ಅನ್ನಿಸಿತು, ಯಾಕಂದ್ರೆ ಸ್ಟಾಂಪ್, ನಾಣ್ಯ ಕೂಡಿಡೋರು ಮಾಡೋದು ಇದಕ್ಕೆ ಪೂರ್ತಿ ವಿರುದ್ಧ.

ಹಳೇ ತಳಿಗಳು ಹೋಗೋದು ಯಾಕೆ ಅನ್ನೋದಕ್ಕೆ ದೊಡ್ಡ ಕಾರಣ ಬೇಕಿಲ್ಲ. ನರ್ಸರಿಯವರಿಗೆ ಪ್ರತಿ ವರ್ಷ ಹೊಸದು ಮಾರಬೇಕು. ಹೊಸ ಹೂವು ದೊಡ್ಡದು, ಅಂಚು ಫ್ರಿಲ್ ಇಟ್ಟ ಹಾಗೆ ಮಡಿಕೆ ಮಡಿಕೆ. ಹಳೇದು ಕ್ಯಾಟಲಾಗ್‌ನಿಂದ ಬೀಳುತ್ತೆ, ಅಷ್ಟೇ. ಅಮೆರಿಕನ್ ಐರಿಸ್ ಸೊಸೈಟಿ ಶುರುವಾಗಿದ್ದು 1920ರಲ್ಲಿ. ಅದರ ಒಳಗೇ 1988ರಲ್ಲಿ ಹಳೇ ತಳಿಗಳಿಗಾಗಿ ಹಿಸ್ಟಾರಿಕ್ ಐರಿಸ್ ಪ್ರಿಸರ್ವೇಶನ್ ಸೊಸೈಟಿ ಹುಟ್ಟಿತು. ಬಿಡುಗಡೆಯಾಗಿ 30 ವರ್ಷ ದಾಟಿದ್ದು ಇವರ ಲೆಕ್ಕದಲ್ಲಿ 'ಹಿಸ್ಟಾರಿಕ್'. ಅಪರೂಪದವನ್ನು ಸದಸ್ಯರ ತೋಟಗಳಿಗೆ ಹಂಚಿಡೋ ಯೋಜನೆಯೂ ಇವರದ್ದಿದೆ. ಡಿಸ್ಟ್ರಿಬ್ಯೂಟೆಡ್ ಸ್ಟೋರೇಜ್ ಅಂತ ಅವರು ಕರೆಯಲ್ಲ, ಆದರೆ ಅದೇ.

ಹಂಚೋದು ಹೇಗೆ? ಹೂವು ಮುಗಿದು ಒಂದು ತಿಂಗಳಾದ ಮೇಲೆ, ಅಂದ್ರೆ ಅಲ್ಲಿನ ಜುಲೈ, ಆಗಸ್ಟ್ ಹೊತ್ತಿಗೆ ಗುಂಪನ್ನ ಅಗೆದು ತೆಗೀತಾರೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಹೇಗೂ ಅಗೆಯಲೇಬೇಕು, ಇಲ್ಲದಿದ್ದರೆ ಗಿಡಗಳು ಒತ್ತೊತ್ತಾಗಿ ಹೂವು ಕಮ್ಮಿಯಾಗುತ್ತೆ. ಹೂ ಬಿಟ್ಟು ಸವೆದ ಗೆಡ್ಡೆ ಬಿಸಾಕಿ, ಗಟ್ಟಿ ಮರಿಗಳನ್ನ ಮುರಿದುಕೊಳ್ತಾರೆ. ಬೀಸಣಿಗೆ ಹಾಗೆ ಹರಡಿದ ಎಲೆಗಳನ್ನ ಸುಮಾರು 15 ಸೆಂಟಿಮೀಟರ್‌ಗೆ ಕತ್ತರಿಸ್ತಾರೆ. ಆಮೇಲೆ ಮಾರ್ಕರ್ ತಗೊಂಡು ತಳಿಯ ಹೆಸರನ್ನ ಎಲೆಯ ಮೇಲೇ ಬರೀತಾರೆ. ಚೀಟಿ ಕಳೆದುಹೋಗಬಹುದು, ಎಲೆ ಕಳೆದುಹೋಗಲ್ಲ. ಮಣ್ಣು ತೊಳೆದು, ನೆರಳಲ್ಲಿ ಒಣಗಿಸಿ, ಗಾಳಿಯಾಡೋ ಪೆಟ್ಟಿಗೆಯಲ್ಲಿ ಪೋಸ್ಟ್. ಗೆಡ್ಡೆಯಲ್ಲೇ ಆಹಾರ ಇರೋದರಿಂದ ಮಣ್ಣಿಲ್ಲದೆ ಎರಡು ವಾರ ಆರಾಮಾಗಿ ತಡೆಯುತ್ತೆ. ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿದರೆ ಮಾತ್ರ ಕೊಳೀತದೆ. ನೆಡುವಾಗಲೂ ಶುಂಠಿ ಹಾಗೆ ಪೂರ್ತಿ ಮುಚ್ಚಬಾರದು, ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣ್ತಿರಬೇಕು.

ದುಡ್ಡು ಇಲ್ಲಿ ಕಮ್ಮಿ ಓಡಾಡುತ್ತೆ. ನನ್ನದೊಂದು ನಿನ್ನದೊಂದು, ಇಲ್ಲಾ ಬರೀ ಪೋಸ್ಟ್ ಖರ್ಚು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಒಂದು ನಂಬಿಕೆ ಕೂಡ ಇದೆ: ಯಾರಾದ್ರೂ ಗಿಡ ಕೊಟ್ಟರೆ ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ಗಿಡ ಹತ್ತಲ್ಲ ಅಂತ!

ಈಗ ಕಷ್ಟದ ಭಾಗ. ಗಿಡ ಉಳಿಸೋದು ಅರ್ಧ ಕೆಲಸ, ಹೆಸರು ಉಳಿಸೋದು ಇನ್ನರ್ಧ. ಗಿಡ ಗಟ್ಟಿ, ಪಾಳು ಬಿದ್ದ ಮನೆ ಹತ್ತಿರವೂ ಬದುಕುತ್ತೆ. ಹೆಸರು ಹಾಗಲ್ಲ. ಲೇಬಲ್ ಮುರಿದರೆ, ನೆಟ್ಟ ಅಜ್ಜಿ ಹೋದರೆ, ಅದು ಬರೀ 'ನೀಲಿ ಹೂವು'. ಮತ್ತೆ ಗುರುತು ಹಿಡಿಯೋಕೆ ಹಳೇ ಕ್ಯಾಟಲಾಗ್, ನೋಂದಣಿ ವಿವರ ತಗೊಂಡು ಒಂದೊಂದೇ ಹೋಲಿಸಬೇಕು: ಎತ್ತರ, ಕವಲು, ಗಡ್ಡದ ಬಣ್ಣ, ವಾಸನೆ, ಎಲೆಯ ಬುಡದಲ್ಲಿ ನೇರಳೆ ಛಾಯೆ ಇದೆಯಾ, ಯಾವ ವಾರ ಅರಳುತ್ತೆ. ಫೋಟೋ ನೋಡಿ ಹೇಳೋದು ಅಪಾಯ, ನೇರಳೆ ಮತ್ತು ನೀಲಿ ನಡುವೆ ಕ್ಯಾಮೆರಾ ಸುಲಭವಾಗಿ ಸುಳ್ಳು ಹೇಳುತ್ತೆ. ನಾಲ್ಕು ಕಾಲಂ ಇಟ್ಟುಕೊಂಡು ಕ್ಲಾಸಿಫೈ ಮಾಡೋ ವಿಷಯ ಅಲ್ಲ ಇದು. ಅತ್ಯಂತ ನಂಬಿಕೆಯ ದಾರಿ ಅಂದ್ರೆ ಗೊತ್ತಿರೋ ಗಿಡವನ್ನ ಪಕ್ಕದಲ್ಲೇ ಬೆಳೆಸಿ ನೋಡೋದು.

ಇನ್ನೊಂದು ಮೋಸ ಇದೆ. ಬೀಜದ ಕಾಯಿ ಕೀಳದೆ ಬಿಟ್ಟರೆ, ಬೀಜ ಅಲ್ಲೇ ಬಿದ್ದು ಮೊಳೆತು, ಹಳೇ ಗುಂಪಿನ ನಡುವೆ ಬೇರೆ ಗಿಡ ಬೆಳೆಯುತ್ತೆ. ಮುಂದೆ ಅದೂ ಅದೇ ಹೆಸರಲ್ಲಿ ಹಂಚಿಹೋಗುತ್ತೆ. ಹಾಗಾಗಿ ತಿಳಿದವರು ಖಾತ್ರಿ ಇಲ್ಲದ ಗಿಡಕ್ಕೆ ಹೆಸರಿಡಲ್ಲ, 'ಹೆಸರು ಗೊತ್ತಿಲ್ಲ' ಅಂತಲೇ ಬರೆದು ಕೊಡ್ತಾರೆ. ನಮ್ಮ ಪ್ರಕಾರ ಈ ಶಿಸ್ತು ಗಿಡ ಬೆಳೆಸೋದಕ್ಕಿಂತ ದೊಡ್ಡದು. ಹೆಸರಿಲ್ಲದ ಗಿಡವನ್ನ ಯಾವತ್ತಾದರೂ ಗುರುತಿಸಬಹುದು. ತಪ್ಪು ಹೆಸರು ನೂರು ತೋಟಕ್ಕೆ ಹೋದ ಮೇಲೆ ವಾಪಸ್ ಕರೆಸೋಕೆ ಆಗಲ್ಲ.

ಈ ಕೆಲಸ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಇಂಗ್ಲೆಂಡಿನ ಸೆಡ್ರಿಕ್ ಮಾರಿಸ್ ಅವರ ಐರಿಸ್‌ಗಳೇ ಸಾಕ್ಷಿ. ಮಾರಿಸ್ ಚಿತ್ರಕಾರರು. 1940ರಿಂದ ಸಫೋಕ್‌ನ ಬೆಂಟನ್ ಎಂಡ್ ಅನ್ನೋ ಮನೆಯಲ್ಲಿ ಚಿತ್ರಕಲಾ ಶಾಲೆ ನಡೆಸ್ತಾ, ಜೊತೆಗೆ ಐರಿಸ್ ಅಡ್ಡತಳಿ ಮಾಡ್ತಿದ್ದರು. ಬೂದಿ ಬೆರೆತ ಗುಲಾಬಿ, ಮಾಸಿದ ಹಳದಿ, ಇಂಥ ಮೆತ್ತಗಿನ ಬಣ್ಣಗಳು. 'ಬೆಂಟನ್ ನೈಜೆಲ್', 'ಬೆಂಟನ್ ಕಾರ್ಡೀಲಿಯಾ' ಹೀಗೆ ಮನೆಯ ಹೆಸರನ್ನೇ ಮುಂದೆ ಸೇರಿಸ್ತಿದ್ದರು. 'ಬೆಂಟನ್ ಮೆನಸ್' ಅನ್ನೋದು ಅವರ ಬೆಕ್ಕಿನ ಹೆಸರು. ಅವರು ಹೆಸರಿಟ್ಟ ತಳಿಗಳು ಸುಮಾರು 90. 1982ರಲ್ಲಿ ಅವರು ತೀರಿಕೊಂಡರು, ತೋಟ ಚದುರಿತು.

ಸಿಸಿಂಗ್‌ಹರ್ಸ್ಟ್ ತೋಟದ ಮುಖ್ಯ ತೋಟಗಾರ್ತಿಯಾಗಿದ್ದ ಸಾರಾ ಕುಕ್ ಅವರು ಆಮೇಲೆ ಈ ತಳಿಗಳನ್ನ ಹುಡುಕೋಕೆ ಹೊರಟರು. ಹಿಂದೆ ಯಾರಿಗೆ ಗೆಡ್ಡೆ ಹೋಗಿತ್ತೋ ಅವರ ಹಿಂದೆ ಹಿಂದೆ. 20ಕ್ಕೂ ಹೆಚ್ಚು ತಳಿಗಳು ಮತ್ತೆ ಸಿಕ್ಕವು, 2015ರಲ್ಲಿ ಲಂಡನ್ನಿನ ಚೆಲ್ಸೀ ಹೂವಿನ ಪ್ರದರ್ಶನದಲ್ಲಿ ಜನರ ಮುಂದೆ ಬಂದವು. ಸಿಕ್ಕಿದ್ದೆಲ್ಲ ಮಾರಿಸ್ ಒಂದು ಕಾಲಕ್ಕೆ ಕೊಟ್ಟುಬಿಟ್ಟಿದ್ದವು, ಇಲ್ಲಾ ನರ್ಸರಿ ಮೂಲಕ ಯಾರದ್ದೋ ತೋಟ ಸೇರಿದ್ದವು. ಇನ್ನೂ ಸಿಗದವು ಪಟ್ಟಿಯಲ್ಲಿ ಬರೀ ಹೆಸರಾಗಿ ಇವೆ. ಅವುಗಳಲ್ಲಿ ಕೆಲವು ಯಾರದ್ದೋ ಹಿತ್ತಲಲ್ಲಿ ಪ್ರತಿ ಮೇ, ಜೂನ್‌ನಲ್ಲಿ ಅರಳ್ತಾನೂ ಇರಬಹುದು. ಮನೆಯವರಿಗೆ ಅದು ಹಿಂದಿನವರು ನೆಟ್ಟು ಹೋದ ಯಾವುದೋ ಹಳೇ ಹೂವು.